ಮೌನಿಯಾದ ವಿದ್ರೋಹಿ ಕವಿ ಮತ್ತು ಹಣ ಕೂಡಿಸಿದ ಗೆಳೆಯರು

ಬಂಗಾಳದ ವಿದ್ರೋಹಿ ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಬದುಕನ್ನು ಎರಡಾಗಿ ಸೀಳಿದ್ದು 1942ರ ಜುಲೈ ತಿಂಗಳು. ಅಲ್ಲಿಯವರೆಗಿನ 43 ವರ್ಷಗಳು ಹಾಡು, ಹೋರಾಟ, ಸೆರೆವಾಸಗಳಿಂದ ತುಂಬಿದ್ದವು. ಅಲ್ಲಿಂದಾಚೆಗಿನ 34 ವರ್ಷಗಳು ಬರೀ ಮೌನ. ಈ ಮೌನದ ಕಾಲದಲ್ಲಿ ಕವಿಯ ಔಷಧಿಗೆ, ಆಸ್ಪತ್ರೆಗೆ, ಕೊನೆಗೆ ವಿದೇಶದ ತಜ್ಞರ ಶುಲ್ಕಕ್ಕೆ ಹಣ ಕೂಡಿಸಿದವರ ಕಥೆ ಅವರ ಕವಿತೆಗಳಷ್ಟು ಪ್ರಚಾರ ಪಡೆಯಲಿಲ್ಲ.

ನಜ್ರುಲ್ ಹುಟ್ಟಿದ್ದು 1899ರ ಮೇ 24ರಂದು, ಅಸನ್ಸೋಲ್ ಸಮೀಪದ ಚುರುಲಿಯಾ ಗ್ರಾಮದಲ್ಲಿ. ಮಸೀದಿಯ ಸೇವೆಯಲ್ಲಿದ್ದ ತಂದೆ 1908ರಲ್ಲಿ ತೀರಿಕೊಂಡರು. ಎಳೆಯ ಹುಡುಗ ಮಸೀದಿಯಲ್ಲಿ ದುಡಿದ, ಊರೂರು ತಿರುಗುವ ಲೇಟೋ ಜನಪದ ಮೇಳದಲ್ಲಿ ಹಾಡು ಕಟ್ಟಿದ, ಅಸನ್ಸೋಲಿನ ಬೇಕರಿಯಲ್ಲಿ ಕೆಲಸ ಮಾಡಿದ. 1917ರಲ್ಲಿ ಸೈನ್ಯ ಸೇರಿ ಕರಾಚಿಗೆ ಹೋದ ನಜ್ರುಲ್, 1920ರಲ್ಲಿ ಕಲ್ಕತ್ತೆಗೆ ಮರಳಿ ಗೆಳೆಯ ಮುಜಫರ್ ಅಹ್ಮದ್ ಅವರೊಡನೆ ಒಂದೇ ಸೂರಿನಡಿ ನೆಲೆಸಿದರು. 1921ರ ಡಿಸೆಂಬರಿನಲ್ಲಿ ‘ವಿದ್ರೋಹಿ’ ಕವಿತೆ ಹುಟ್ಟಿದ್ದು ಅವರಿಬ್ಬರು ಹಂಚಿಕೊಂಡಿದ್ದ ಮನೆಯಲ್ಲಿ. ಅದರ ಮೊದಲ ಶ್ರೋತೃ ಮುಜಫರ್ ಅವರೇ. ಮರುವರ್ಷ ‘ಧೂಮಕೇತು’ ಪತ್ರಿಕೆಯ ಬರಹಕ್ಕಾಗಿ ನಜ್ರುಲ್ ಬಂಧಿತರಾದರು. 1923ರಲ್ಲಿ ಸೆರೆಯಲ್ಲಿದ್ದುಕೊಂಡೇ ದೀರ್ಘ ಉಪವಾಸ ಕೈಗೊಂಡರು. ರವೀಂದ್ರನಾಥ ಠಾಕೂರರು ತಮ್ಮ ‘ವಸಂತ’ ಕೃತಿಯನ್ನು ಈ ಕೈದಿಗೆ ಅರ್ಪಿಸಿದರು.

ಅಡವಿಗೆ ಬಿದ್ದ ಹಾಡುಗಳು

1924ರಲ್ಲಿ ನಜ್ರುಲ್ ಹಿಂದೂ ಕುಟುಂಬದ ಪ್ರಮೀಳಾ ದೇವಿಯವರ ಕೈಹಿಡಿದರು. 1928ರ ನಂತರ ಗ್ರಾಮಾಫೋನ್ ಕಂಪನಿ, ಆಮೇಲೆ ಆಕಾಶವಾಣಿ ಅವರ ಪ್ರತಿಭೆಯನ್ನು ಮನೆಮನೆಗೆ ಮುಟ್ಟಿಸಿದವು. ಮೂರು ಸಾವಿರಕ್ಕೂ ಹೆಚ್ಚು ಹಾಡುಗಳನ್ನು ರಚಿಸಿದ ನಜ್ರುಲ್ ಕೈತುಂಬ ಗಳಿಸಿದರು, ಕಾರು ಕೊಂಡರು. ಆದರೆ ಕೂಡಿಡುವ ಗುಣ ಅವರದಾಗಿರಲಿಲ್ಲ.

1930ರಲ್ಲಿ ಪುಟ್ಟ ಮಗ ಬುಲ್‌ಬುಲ್ ಸಿಡುಬಿಗೆ ಬಲಿಯಾದ. 1939ರಲ್ಲಿ ಪ್ರಮೀಳಾ ಅವರಿಗೆ ಪಾರ್ಶ್ವವಾಯು ಬಡಿದು ಸೊಂಟದ ಕೆಳಗಿನ ಭಾಗ ನಿಶ್ಚೇಷ್ಟಿತವಾಯಿತು. ಪತ್ನಿಯ ಚಿಕಿತ್ಸೆಗಾಗಿ ನಜ್ರುಲ್ ತಮ್ಮ ಧ್ವನಿಮುದ್ರಿಕೆಗಳ ರಾಯಲ್ಟಿಯನ್ನೂ ಗ್ರಂಥಗಳ ಹಕ್ಕನ್ನೂ ಅಡವಿಟ್ಟು ಸಾಲ ತಂದರು. ಮುಂದೆ ತಮ್ಮದೇ ಆರೋಗ್ಯ ಕೆಟ್ಟಾಗ ಆಸರೆಯಾಗಬೇಕಿದ್ದ ಆದಾಯದ ಮೂಲ ಹೀಗೆ ಮೊದಲೇ ಕೈಬಿಟ್ಟಿತ್ತು.

1942ರ ಜುಲೈನಲ್ಲಿ ಕವಿಯ ನಾಲಗೆ ತೊದಲತೊಡಗಿತು. ಕ್ರಮೇಣ ಮಾತು ನಿಂತಿತು, ನೆನಪು ಮಾಸಿತು. ಆರಂಭದಲ್ಲಿ ದೊರೆತದ್ದು ಹೋಮಿಯೋಪತಿ ಮತ್ತು ಆಯುರ್ವೇದ ಚಿಕಿತ್ಸೆ. ಯುರೋಪಿಗೆ ಕಳುಹಿಸೋಣವೆಂದರೆ ಎರಡನೇ ಮಹಾಯುದ್ಧ ಅಡ್ಡ ನಿಂತಿತ್ತು. ಆಗ ನೆರವಿಗೆ ಬಂದವರಲ್ಲಿ ಪ್ರಮುಖರು ಹಿಂದೂ ಮಹಾಸಭೆಯ ನಾಯಕ ಶ್ಯಾಮಪ್ರಸಾದ ಮುಖರ್ಜಿ. ಹವಾ ಬದಲಾವಣೆಗೆಂದು ಕವಿಯನ್ನು ಮಧುಪುರಕ್ಕೆ ಕಳುಹಿಸಲು ಅವರು ನೆರವಾದರು. ಬಳಿಕ ಕವಿಯನ್ನು ಕಲ್ಕತ್ತೆಯ ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಫಲ ಕಾಣಲಿಲ್ಲ.

ಮುಖರ್ಜಿಯವರ ಮುಂದಾಳತ್ವದಲ್ಲಿ ಸಹಾಯ ಸಮಿತಿಯೊಂದು ರೂಪುಗೊಂಡಿತು. ‘ಶನಿಬಾರೇರ್ ಚಿಠಿ’ ಪತ್ರಿಕೆಯಲ್ಲಿ ಹಿಂದೆ ನಜ್ರುಲ್ ಕವಿತೆಗಳನ್ನು ಅಣಕವಾಡಿದ್ದ ಸಜನೀಕಾಂತ ದಾಸ್ ಕೂಡ ಸಮಿತಿಯಲ್ಲಿದ್ದರು. ಸಾಹಿತ್ಯದ ಜಗಳ, ಪಕ್ಷ, ಧರ್ಮ ಯಾವುದೂ ಅಲ್ಲಿ ಅಡ್ಡಬರಲಿಲ್ಲವೆಂಬುದು ಗಮನಾರ್ಹ. ಆದರೆ ಅದು 1943ರ ಬಂಗಾಳದ ಕ್ಷಾಮದ ಕಾಲ. ಕೂಡಿದ ಹಣ ಕೆಲಕಾಲ ಮನೆಯ ಖರ್ಚಿಗೆ ಒದಗಿತೇ ಹೊರತು ರೋಗದ ಮೂಲ ಹುಡುಕುವಷ್ಟಾಗಲಿಲ್ಲ. ಮುಂದಿನ ಸುಮಾರು ಹತ್ತು ವರ್ಷ, ಹಾಸಿಗೆ ಹಿಡಿದಿದ್ದ ಪ್ರಮೀಳಾ ಅವರೇ ಮಾತಿಲ್ಲದ ಪತಿಯ ಆರೈಕೆಯ ಭಾರ ಹೊತ್ತರು.

250 ಪೌಂಡಿನ ಭೇಟಿಗಳು

1952ರಲ್ಲಿ ಕಲ್ಕತ್ತೆಯ ಲೇಖಕರೂ ಅಭಿಮಾನಿಗಳೂ ‘ನಜ್ರುಲ್ ನಿರಾಮಯ ಸಮಿತಿ’ ಕಟ್ಟಿದರು. ಪ್ರಬಂಧಕಾರ ಕಾಜಿ ಅಬ್ದುಲ್ ವದೂದ್ ಅದರ ಕಾರ್ಯದರ್ಶಿ. ಸಮಿತಿ ಮೊದಲು ಕವಿಯನ್ನು ರಾಂಚಿಯ ಮಾನಸಿಕ ಆಸ್ಪತ್ರೆಗೆ ಕಳುಹಿಸಿತು. ನಾಲ್ಕು ತಿಂಗಳಾದರೂ ಸುಧಾರಣೆ ಇಲ್ಲದಾಗ ವಿದೇಶ ಪ್ರಯಾಣಕ್ಕೆ ಹಣ ಹೊಂದಿಸಿತು. 1953ರ ಮೇ 10ರಂದು ಕವಿ ದಂಪತಿ ಹೌರಾ ನಿಲ್ದಾಣದಿಂದ ಲಂಡನ್ನಿನತ್ತ ಹೊರಟರು.

ಲಂಡನ್ನಿನಲ್ಲಿ ರಸೆಲ್ ಬ್ರೇನ್, ವಿಲಿಯಂ ಸಾರ್ಜೆಂಟ್, ಮೆಕಿಸಾಕ್ ಮೊದಲಾದ ಹೆಸರಾಂತ ತಜ್ಞರು ಕವಿಯನ್ನು ಪರೀಕ್ಷಿಸಿದರು. ಪ್ರತಿ ಭೇಟಿಗೆ 250 ಪೌಂಡ್ ಶುಲ್ಕ. ಅಷ್ಟು ತೆತ್ತರೂ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಮೆದುಳಿನ ಮುಂಭಾಗ ಕುಗ್ಗಿರುವುದು ಎಕ್ಸ್‌ರೇಯಲ್ಲಿ ಕಂಡಿತು. ಕಾಯಿಲೆ ವಾಸಿಯಾಗದೆಂದು ಬ್ರೇನ್ ಹೇಳಿದರೆ, ಮೆದುಳಿನ ಶಸ್ತ್ರಚಿಕಿತ್ಸೆ ಆಗಲೆಂದು ಮೆಕಿಸಾಕ್ ಸೂಚಿಸಿದರು. ಆರಂಭದ ಚಿಕಿತ್ಸೆ ತೀರ ಸಾಲದಾಗಿತ್ತೆಂಬ ಒಂದು ಮಾತಿನಲ್ಲಿ ಮಾತ್ರ ಎಲ್ಲರಿಗೂ ಸಹಮತವಿತ್ತು. ಈ ನಡುವೆ ಜೂನ್ 23ರಂದು, ಮೊದಲು ನೆರವಿಗೆ ನಿಂತಿದ್ದ ಶ್ಯಾಮಪ್ರಸಾದರು ಕಾಶ್ಮೀರದಲ್ಲಿ ಬಂಧನದಲ್ಲಿದ್ದಾಗಲೇ ನಿಧನರಾದರು.

ಗೆಳೆಯರು ಇಲ್ಲಿ ದುಡುಕಲಿಲ್ಲ. ವರದಿಗಳನ್ನು ಯುರೋಪಿನ ಇತರ ತಜ್ಞರಿಗೂ ಕಳುಹಿಸಲಾಯಿತು. ವಿಯೆನ್ನಾದ ವೈದ್ಯರು ಶಸ್ತ್ರಚಿಕಿತ್ಸೆ ಬೇಡವೆಂದರು. ಕವಿಯನ್ನು ಅಲ್ಲಿಯೇ ಡಾ. ಹಾನ್ಸ್ ಹಾಫ್ ಅವರ ಬಳಿಗೆ ಕರೆದೊಯ್ಯಲಾಯಿತು. ಡಿಸೆಂಬರ್ 9ರಂದು ಮೆದುಳಿನ ರಕ್ತನಾಳಗಳ ಪರೀಕ್ಷೆ ನಡೆಸಿದ ಹಾಫ್, ಇದು ಪಿಕ್ಸ್ ಕಾಯಿಲೆ ಎಂದು ನಿರ್ಣಯಿಸಿದರು. ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳನ್ನು ಕುಗ್ಗಿಸುತ್ತ ಮಾತು, ಅರಿವುಗಳನ್ನು ಕಸಿಯುವ ರೋಗವಿದು. ಅಂದು ಇದಕ್ಕೆ ಮದ್ದಿರಲಿಲ್ಲ. ಇದನ್ನು ತಡೆಯಬಲ್ಲ ಔಷಧಿ ಇಂದಿಗೂ ಇಲ್ಲ. ಅದೇ ತಿಂಗಳು ಕವಿ ಕಲ್ಕತ್ತೆಗೆ ಹಿಂತಿರುಗಿದರು.

ವ್ಯರ್ಥವಾಯಿತೇ ಆ ಹಣ?

ಗುಣವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಸಮಿತಿ ಸೋತಿತು. ಆದರೆ ಆ ಹಣ ಎರಡು ಕೆಲಸ ಮಾಡಿತು. ಎರಡನೆಯ ಅಭಿಪ್ರಾಯ ಕೇಳುವ ಶಕ್ತಿ ಒದಗಿಸಿ, ಫಲವಿಲ್ಲದ ಶಸ್ತ್ರಚಿಕಿತ್ಸೆಯಿಂದ ಕವಿಯನ್ನು ಪಾರುಮಾಡಿತು. ಹನ್ನೊಂದು ವರ್ಷ ಅನುಮಾನದಲ್ಲೇ ಬೆಂದ ಪತ್ನಿಗೆ ರೋಗದ ಹೆಸರನ್ನಾದರೂ ತಿಳಿಸಿತು. ಈ ಉತ್ತರ 1942ರಲ್ಲೇ ದೊರೆತಿದ್ದರೆ ಕವಿಗೆ ಮಾತು ಮರಳುತ್ತಿರಲಿಲ್ಲವೇನೋ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದಂತೂ ತಪ್ಪುತ್ತಿತ್ತು.

ಪ್ರಮೀಳಾ 1962ರ ಜೂನ್ 30ರಂದು ಕಣ್ಣುಮುಚ್ಚಿದರು. ಅವರನ್ನು ಚುರುಲಿಯಾದಲ್ಲಿ ಸಮಾಧಿ ಮಾಡಲಾಯಿತು. 1972ರ ಮೇ 24ರಂದು ಹೊಸ ರಾಷ್ಟ್ರ ಬಾಂಗ್ಲಾದೇಶ ಕವಿಯನ್ನು ಢಾಕಾಗೆ ಬರಮಾಡಿಕೊಂಡು ಆರೈಕೆಯ ಹೊಣೆ ಹೊತ್ತಿತು. 1976ರ ಆಗಸ್ಟ್ 29ರಂದು ನಜ್ರುಲ್ ಅಲ್ಲಿಯೇ ನಿಧನರಾದರು. ಢಾಕಾ ವಿಶ್ವವಿದ್ಯಾಲಯದ ಮಸೀದಿಯ ಪಕ್ಕದಲ್ಲಿ ಅವರ ಸಮಾಧಿಯಿದೆ. ಮೂರು ದಶಕಕ್ಕೂ ಮಿಕ್ಕಿ ಒಂದು ಮಾತನ್ನೂ ಮರಳಿ ಆಡಲಾರದವನಿಗಾಗಿ ಇಷ್ಟು ಜನ ಕೈಯೊಡ್ಡಿ ಹಣ ಕೂಡಿಸಿದರೆಂಬುದು ಬಂಗಾಳ ತನ್ನ ಕವಿಗೆ ಸಲ್ಲಿಸಿದ ಗೌರವಗಳಲ್ಲಿ ಚಿಕ್ಕದೇನಲ್ಲ.