ಲಂಡನ್ನಿನಿಂದ ಡಾರ್ವಿನ್ನಿಗೆ: ಏಮಿ ಜಾನ್ಸನ್

ಭೂಗೋಲದ ಮೇಲೆ ಲಂಡನ್ನಿಗೂ ಆಸ್ಟ್ರೇಲಿಯದ ಡಾರ್ವಿನ್ನಿಗೂ ನಡುವೆ ಅತಿ ಹತ್ತಿರದ ದಾರಿ ಸುಮಾರು 8,600 ಮೈಲಿ. 1930ರಲ್ಲಿ ಏಮಿ ಜಾನ್ಸನ್ ಹಾರಿದ್ದು ಸುಮಾರು 11,000 ಮೈಲಿ. ಪೆಟ್ರೋಲು ದೊರೆಯುವ ಊರುಗಳನ್ನು ಒಂದಕ್ಕೊಂದು ಪೋಣಿಸಿಕೊಂಡು ಹೋಗಬೇಕಾದ ಕಾಲವದು.

ಏಮಿ ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದ ಮೀನುವ್ಯಾಪಾರಿಯ ಮಗಳಾಗಿ. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದಳು. ಬಿಡುವಿನಲ್ಲಿ ಹಾರಾಟ ಕಲಿತಳು. ಅಷ್ಟಕ್ಕೇ ತೃಪ್ತಳಾಗದೆ, ಎಂಜಿನ್ ಬಿಚ್ಚಿ ಜೋಡಿಸುವ ಗ್ರೌಂಡ್ ಎಂಜಿನಿಯರ್ ಪರವಾನಗಿಯನ್ನೂ ಗಳಿಸಿದಳು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಹೆಣ್ಣು ಆಕೆಯೇ. ಈ ಎರಡನೆಯ ವಿದ್ಯೆಯೇ ಮುಂದೆ ಆಕೆಯನ್ನು ಕಾಪಾಡಿತೆಂದು ನನ್ನ ಭಾವನೆ.

ತಂದೆಯೂ ಲಾರ್ಡ್ ವೇಕ್‌ಫೀಲ್ಡನೂ ಸೇರಿ ಕೊಟ್ಟ ಹಣದಿಂದ ಹಳೆಯದೊಂದು ಜಿಪ್ಸಿ ಮಾತ್ ವಿಮಾನವನ್ನು ಕೊಂಡು, ತಂದೆಯ ವ್ಯಾಪಾರದ ಮುದ್ರೆಯಾಗಿದ್ದ ಜೇಸನ್ ಎಂಬ ಹೆಸರನ್ನೇ ಅದಕ್ಕಿಟ್ಟಳು. ಅದುವರೆಗೆ ಆಕೆಯ ಅತಿ ದೂರದ ಹಾರಾಟವೆಂದರೆ ಲಂಡನ್ನಿನಿಂದ ತನ್ನೂರಿಗೆ. ಆದರೂ ಗುರಿ ಸಣ್ಣದಲ್ಲ: 1928ರಲ್ಲಿ ಬರ್ಟ್ ಹಿಂಕ್ಲರ್ ಹದಿನೈದೂವರೆ ದಿನಗಳಲ್ಲಿ ಕ್ರಮಿಸಿದ್ದ ದಾರಿಯನ್ನು ಇನ್ನೂ ಬೇಗ ಕ್ರಮಿಸಬೇಕು.

ಮೇ 5ರಂದು ಕ್ರಾಯ್ಡನ್ನಿನಿಂದ ಹೊರಟಳು. ಬಾಗ್ದಾದಿನ ಹಾದಿಯಲ್ಲಿ ಮರಳ ಬಿರುಗಾಳಿ ಆಕೆಯನ್ನು ನೆಲಕ್ಕಿಳಿಸಿತು. ಆದರೂ ಆರನೆಯ ದಿನ ಕರಾಚಿ ಮುಟ್ಟಿದಾಗ ಹಿಂಕ್ಲರನಿಗಿಂತ ಎರಡು ದಿನ ಮುಂದಿದ್ದಳು. ಅಲಹಾಬಾದಿಗೆ ಹೊರಟು, ಪೆಟ್ರೋಲು ತೀರುತ್ತ ಬಂದು, ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿದಳು. ಕಲ್ಕತ್ತೆಯನ್ನು ದಾಟಿ ರಂಗೂನಿನ ಬಳಿ ಬರುವಾಗ ಮಳೆ. ಇನ್‌ಸೇನಿನ ತಾಂತ್ರಿಕ ಶಾಲೆಯ ಆಟದ ಬಯಲನ್ನು ಓಟದ ಮೈದಾನವೆಂದು ತಿಳಿದು ಇಳಿಯಲು, ವಿಮಾನ ಹಳ್ಳಕ್ಕೆ ಬಿದ್ದು ರೆಕ್ಕೆ ಮುರಿಯಿತು. ಮಹಾಯುದ್ಧದಲ್ಲಿ ಮಿಕ್ಕಿದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರಂತೆ! ಶಾಲೆಯವರೂ ಏಮಿಯೂ ಸೇರಿ ದುರಸ್ತಿ ಮುಗಿಸುವಷ್ಟರಲ್ಲಿ ಗಳಿಸಿದ್ದ ಎರಡು ದಿನಗಳು ಕರಗಿಹೋಗಿದ್ದವು.

ಮೇ 24ರಂದು ಡಾರ್ವಿನ್ನಿನಲ್ಲಿ ಇಳಿದಾಗ ಹತ್ತೊಂಬತ್ತೂವರೆ ದಿನಗಳಾಗಿದ್ದವು. ಗಂಟೆಗೆ 85 ಮೈಲಿಯಂತೆ ಎಡೆಬಿಡದೆ ಹಾರಿದ್ದರೆ ಆರು ದಿನವೂ ಬೇಕಿರಲಿಲ್ಲ. ಉಳಿದ ಕಾಲವೆಲ್ಲ ಕಳೆದದ್ದು ನೆಲದ ಮೇಲೆ. ಪಂದ್ಯದಲ್ಲಿ ಆಕೆ ಸೋತಿದ್ದಳು. ಆದರೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆಯನ್ನು ಕಾಣಲು ಬಂದ ಜನಸ್ತೋಮಕ್ಕೆ ಆ ಲೆಕ್ಕ ಬೇಕಿರಲಿಲ್ಲ. 2018ರಲ್ಲಿ ಲಂಡನ್ನಿಗೂ ಪರ್ತ್ ನಗರಕ್ಕೂ ನಡುವೆ ಎಲ್ಲಿಯೂ ಇಳಿಯದ ವಿಮಾನಸಂಚಾರ ಆರಂಭವಾಯಿತು. ಅದಕ್ಕೆ ಹಿಡಿದದ್ದು ಸುಮಾರು 17 ಗಂಟೆ.

ತಪ್ಪಿಹೋದ ಗೆಲುವು 1932ರಲ್ಲಿ ಬೇರೊಂದು ಹಾದಿಯಲ್ಲಿ ದೊರೆಯಿತು. ಗಂಡ ಜಿಮ್ ಮಾಲಿಸನ್ನನೇ ಸ್ಥಾಪಿಸಿದ್ದ ಲಂಡನ್-ಕೇಪ್‌ಟೌನ್ ದಾಖಲೆಯನ್ನು 10 ಗಂಟೆಗೂ ಮಿಕ್ಕಿದ ಅಂತರದಿಂದ ಮುರಿದಳು.

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಮುಟ್ಟಿಸುವ ಕೆಲಸ ಹಿಡಿದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡಿನ ಬಳಿಗೆ ಹೊರಟಳು. ಎರಡು ಗಂಟೆಯೊಳಗೆ ಮುಗಿಯಬೇಕಾದ ದಾರಿ. ಹವೆ ಕೆಟ್ಟಿತ್ತು. ಸುಮಾರು ನಾಲ್ಕು ಗಂಟೆಗಳ ತರುವಾಯ, ಹಾದಿಯಿಂದ ಬಹುದೂರ, ಥೇಮ್ಸ್ ನದಿ ಕಡಲು ಸೇರುವೆಡೆ ಆಕೆಯ ವಿಮಾನ ಬಿದ್ದಿತು. ರಕ್ಷಣೆಗೆಂದು ಆ ಕೊರೆಯುವ ನೀರಿಗೆ ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರನೂ ಪ್ರಾಣ ಕಳೆದುಕೊಂಡನು. ಏಮಿಯ ದೇಹ ದೊರೆಯಲಿಲ್ಲ.