ಸೋಡಾ ನೀರು, ಪುದೀನ ಗಿಡ ಮತ್ತು ಜೋಸೆಫ್ ಪ್ರೀಸ್ಟ್ಲಿ

ಮಕ್ಕಳೇ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಬುಸ್ಸೆಂದು ಗುಳ್ಳೆಗಳು ಏಳುವುದನ್ನು ನೀವು ನೋಡಿದ್ದೀರಿ. ಒತ್ತಡದಿಂದ ನೀರಿನಲ್ಲಿ ಕರಗಿಸಿದ್ದ ಇಂಗಾಲದ ಡೈಆಕ್ಸೈಡ್ ಆಗ ಹೊರಬರುತ್ತದೆ. ಈ ಅನಿಲವನ್ನು ನೀರಿಗೆ ಸೇರಿಸುವ ವಿಧಾನವನ್ನು ಬರೆದು ಎಲ್ಲರಿಗೂ ತಿಳಿಸಿದವರು ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ.

ಪ್ರೀಸ್ಟ್ಲಿ ಹುಟ್ಟಿದ್ದು 1733ರ ಮಾರ್ಚ್ 13ರಂದು, ಲೀಡ್ಸ್ ನಗರದ ಬಳಿಯ ಬರ್ಸ್ಟಾಲ್‌ನಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವರು ಸೋದರತ್ತೆಯ ಮನೆಯಲ್ಲಿ ಬೆಳೆದರು. ಮಾತನಾಡುವಾಗ ತೊದಲುತ್ತಿದ್ದರು. ಆದರೂ ಧರ್ಮಬೋಧಕರಾದರು, ಶಿಕ್ಷಕರಾದರು. ವಿಜ್ಞಾನವನ್ನು ಬಹುಮಟ್ಟಿಗೆ ತಾವೇ ಓದಿ, ಪ್ರಯೋಗ ಮಾಡಿ ಕಲಿತರು.

1767ರಲ್ಲಿ ಅವರು ಲೀಡ್ಸ್‌ಗೆ ಬಂದಾಗ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಕಾರ್ಖಾನೆಯಿತ್ತು. ಅಲ್ಲಿ ಹುದುಗುತ್ತಿದ್ದ ದ್ರವದ ಮೇಲೆ ಒಂದು ಅನಿಲ ನಿಂತಿರುತ್ತಿತ್ತು. ಉರಿಯುವ ಕಡ್ಡಿಯನ್ನು ಅದರೊಳಗೆ ಹಿಡಿದರೆ ಆರಿಹೋಗುತ್ತಿತ್ತು. ಆಗ ಅದನ್ನು ಸ್ಥಿರ ವಾಯು ಎನ್ನುತ್ತಿದ್ದರು. ಅದೇ ಇಂಗಾಲದ ಡೈಆಕ್ಸೈಡ್. ಆ ಅನಿಲದ ನಡುವೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಸುರಿದಾಗ ನೀರಿಗೆ ಹಿತವಾದ ಹುಳಿರುಚಿ ಬಂತು! ಮುಂದೆ ಅವರು ಸೀಮೆಸುಣ್ಣ ಮತ್ತು ಆಮ್ಲದಿಂದ ಅನಿಲವನ್ನು ತಯಾರಿಸಿ ನೀರಿನಲ್ಲಿ ಕರಗಿಸಿದರು. 1772ರಲ್ಲಿ ಈ ವಿಧಾನವನ್ನು ಕಿರುಪುಸ್ತಕವಾಗಿ ಪ್ರಕಟಿಸಿದರು.

1771ರ ಆಗಸ್ಟ್‌ನಲ್ಲಿ ಅವರು ಇನ್ನೊಂದು ಪ್ರಯೋಗ ಮಾಡಿದರು. ಮೇಣದ ಬತ್ತಿ ಉರಿದು ಆರಿದ ಗಾಳಿಯಲ್ಲಿ ಪುದೀನ ಗಿಡದ ಕುಡಿಯನ್ನು ಇಟ್ಟರು. ಹತ್ತು ದಿನಗಳ ನಂತರ ಅದೇ ಗಾಳಿಯಲ್ಲಿ ಮತ್ತೊಂದು ಬತ್ತಿ ಚೆನ್ನಾಗಿ ಉರಿಯಿತು. ಗಿಡ ಗಾಳಿಯನ್ನು ಸರಿಪಡಿಸಿತ್ತು! 1774ರ ಆಗಸ್ಟ್ 1ರಂದು ಅವರು ಭೂತಗನ್ನಡಿಯಿಂದ ಪಾದರಸದ ಆಕ್ಸೈಡನ್ನು ಕಾಯಿಸಿ ಆಮ್ಲಜನಕವನ್ನೂ ಪಡೆದರು.

ಗಿಡಕ್ಕೆ ಈ ಕೆಲಸಕ್ಕೆ ಬೆಳಕು ಬೇಕೆಂದು 1779ರಲ್ಲಿ ಇಂಗೆನ್‌ಹೌಸ್ ತೋರಿಸಿದರು. ಇಂಗಾಲದ ಡೈಆಕ್ಸೈಡ್ ಕೂಡ ಬೇಕೆಂದು 1782ರಲ್ಲಿ ಸೆನೆಬಿಯೆ ತೋರಿಸಿದರು. ಪ್ರೀಸ್ಟ್ಲಿ ತಮ್ಮ ಪ್ರಯೋಗಗಳನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಇತರರು ಅವರು ನಿಲ್ಲಿಸಿದ ಕಡೆಯಿಂದ ಮುಂದೆ ನಡೆದರು.

ಆದರೆ ಪ್ರೀಸ್ಟ್ಲಿಯವರ ಬದುಕು ಸುಲಭವಾಗಿರಲಿಲ್ಲ. ಧರ್ಮದ ಬಗೆಗಿನ ಅವರ ವಿಚಾರಗಳೂ ಫ್ರಾನ್ಸಿನ ಕ್ರಾಂತಿಗೆ ಅವರು ಕೊಟ್ಟ ಬೆಂಬಲವೂ ಹಲವರಿಗೆ ಹಿಡಿಸಲಿಲ್ಲ. 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಗಲಭೆಕೋರರ ಗುಂಪು ಅವರ ಮನೆಗೆ ನುಗ್ಗಿತು. ಮನೆ, ಪ್ರಯೋಗಾಲಯ, ಪುಸ್ತಕಗಳು, ಬರೆದಿಟ್ಟ ಹಾಳೆಗಳು ನಾಶವಾದವು. ಅವರ ಕುಟುಂಬ ಸ್ವಲ್ಪದರಲ್ಲೇ ಪಾರಾಯಿತು. 1794ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವರು ಅಮೆರಿಕಕ್ಕೆ ಹೋದರು. ಅಲ್ಲಿಯೂ ಪ್ರಯೋಗಾಲಯ ಕಟ್ಟಿಕೊಂಡು ಕೆಲಸ ಮುಂದುವರಿಸಿದರು. 1804ರ ಫೆಬ್ರವರಿ 6ರಂದು ತೀರಿಕೊಂಡರು.

ಅವರ ಎರಡು ಪ್ರಯೋಗಗಳೂ ಇಂದು ಒಂದೇ ಕಡೆ ಕೂಡುವುದನ್ನು ನೀವು ಗಿಡ ಬೆಳೆಸಿದ ಮೀನಿನ ತೊಟ್ಟಿಯಲ್ಲಿ ಕಾಣಬಹುದು. ಕೆಲವರು ಅದರ ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಟ್ಟಿರುತ್ತಾರೆ. ಅದರೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು 60 ಪಟ್ಟು! ರೆಗ್ಯುಲೇಟರ್ ಈ ಒತ್ತಡವನ್ನು ತಗ್ಗಿಸುತ್ತದೆ. ಸೂಜಿ ಕವಾಟವು ಅನಿಲವನ್ನು ಒಂದೊಂದೇ ಗುಳ್ಳೆಯಾಗಿ ಬಿಡುತ್ತದೆ. ಸಣ್ಣ ರಂಧ್ರಗಳ ಬಿಲ್ಲೆಯೊಂದು ಗುಳ್ಳೆಯನ್ನು ನುಣ್ಣಗೆ ಒಡೆಯುತ್ತದೆ. ಆಗ ಅನಿಲ ಬೇಗ ಕರಗಿ ಗಿಡಗಳಿಗೆ ಸಿಗುತ್ತದೆ. ರಾತ್ರಿ ದ್ಯುತಿಸಂಶ್ಲೇಷಣೆ ನಡೆಯದ ಕಾರಣ ದೀಪ ಆರಿಸುವಾಗ ಅನಿಲವನ್ನೂ ನಿಲ್ಲಿಸುತ್ತಾರೆ. ಅನಿಲ ಅತಿಯಾದರೆ ಮೀನುಗಳು ಉಸಿರಾಡಲಾಗದೆ ಸಾಯಬಹುದು.

ಮಾಡಿ ನೋಡಿ: ಸಿಲಿಂಡರ್ ಇಲ್ಲದೆಯೂ ನೀವು ಇದನ್ನು ಪರೀಕ್ಷಿಸಬಹುದು. ಎರಡು ಗಾಜಿನ ಲೋಟಗಳಲ್ಲಿ ಕುದಿಸಿ ತಣಿಸಿದ ನೀರು ತುಂಬಿ. ಒಂದಕ್ಕೆ ಮಾತ್ರ ಚಿಟಿಕೆ ಅಡುಗೆ ಸೋಡಾ ಹಾಕಿ. ಇದು ಇಂಗಾಲದ ಡೈಆಕ್ಸೈಡ್ ಒದಗಿಸುತ್ತದೆ. ಎರಡರಲ್ಲೂ ಒಂದೇ ಅಳತೆಯ ತಾಜಾ ಹೈಡ್ರಿಲ್ಲಾ ಕುಡಿಯನ್ನು ಮುಳುಗಿಸಿ ಬಿಸಿಲಿನಲ್ಲಿಡಿ. ಕತ್ತರಿಸಿದ ತುದಿಯಿಂದ ನಿಮಿಷಕ್ಕೆ ಎಷ್ಟು ಗುಳ್ಳೆಗಳು ಏಳುತ್ತವೆ? ಯಾವ ಲೋಟದಲ್ಲಿ ಹೆಚ್ಚು? ಲೋಟಗಳನ್ನು ನೆರಳಿಗೆ ತಂದರೆ ಏನಾಗುತ್ತದೆ? ಎಣಿಸಿ, ಬರೆದಿಡಿ, ಗೆಳೆಯರಿಗೂ ತೋರಿಸಿ. ಪ್ರೀಸ್ಟ್ಲಿ ಮಾಡಿದ್ದೂ ಅದನ್ನೇ.