ಅಠಾರಾ ಕಚೇರಿಯ ಶಿಲ್ಪಿ ರಿಚರ್ಡ್ ಸ್ಯಾಂಕಿ

ಹುಲಿಕಲ್, ಹೊಸನಗರ, ಸಾಗರದ ಕಡೆಯಿಂದ ಬೆಂಗಳೂರಿಗೆ ಶಾಲಾ ಪ್ರವಾಸ ಹೋದವರು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಗಳನ್ನು ನೋಡದೆ ಬರುವುದಿಲ್ಲ. ಒಂದು ಹೈಕೋರ್ಟ್ ಇರುವ ಅಠಾರಾ ಕಚೇರಿ. ಇನ್ನೊಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಇವೆರಡರ ಹಿಂದೆಯೂ ಇದ್ದ ಇಂಜಿನಿಯರ್ ರಿಚರ್ಡ್ ಹೀರಂ ಸ್ಯಾಂಕಿ. ಅವರ ಬದುಕನ್ನು ಸ್ವಲ್ಪ ತಿಳಿದುಕೊಳ್ಳೋಣ.

ಸ್ಯಾಂಕಿಯವರು 1829ರ ಮಾರ್ಚ್ 22ರಂದು ಐರ್ಲೆಂಡಿನ ಟಿಪರರಿ ಪ್ರಾಂತದಲ್ಲಿ ಜನಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಆಡಿಸ್ಕೋಂಬ್ ಸೈನಿಕ ಶಾಲೆಯಲ್ಲಿ ಕಲಿತು, 1846ರಲ್ಲಿ ಮದ್ರಾಸ್ ಇಂಜಿನಿಯರ್ಸ್ ದಳ ಸೇರಿದರು. 1857ರ ಹೋರಾಟದಲ್ಲಿ ಅವರು ಬ್ರಿಟಿಷ್ ಸೇನೆಯ ಪರವಾಗಿ ಕೆಲಸ ಮಾಡಿದವರು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆನಂತರ 1861ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, 1864ರಲ್ಲಿ ಮುಖ್ಯ ಇಂಜಿನಿಯರ್ ಆದರು.

ಆಗ ಸರ್ಕಾರದ ಕಚೇರಿಗಳು ಬೆಂಗಳೂರು ಕೋಟೆಯ ಟಿಪ್ಪು ಸುಲ್ತಾನರ ಅರಮನೆಯಲ್ಲಿ ನಡೆಯುತ್ತಿದ್ದವು. ಜಾಗ ಸಾಲದೆ ಹೊಸ ಕಟ್ಟಡ ಬೇಕಾಯಿತು. ಅದು 1868ರಲ್ಲಿ ಮುಗಿಯಿತು. ಉರ್ದುವಿನಲ್ಲಿ ಅಠಾರಾ ಎಂದರೆ ಹದಿನೆಂಟು. ಹದಿನೆಂಟು ಇಲಾಖೆಗಳು ಒಂದೇ ಸೂರಿನಡಿ ಬಂದದ್ದರಿಂದ ಈ ಹೆಸರು. ಜನರ ಬಾಯಲ್ಲಿ ಅದು ಅಟ್ಟಾರ ಕಚೇರಿಯಾಯಿತು. 1870ರಲ್ಲಿ ಅದರ ಮುಂದಿನ ಬಯಲು ಉದ್ಯಾನವಾಯಿತು. ಅದೇ ಇಂದಿನ ಕಬ್ಬನ್ ಪಾರ್ಕ್.

ವಸ್ತುಸಂಗ್ರಹಾಲಯವನ್ನು 1865ರಲ್ಲಿ ಆರಂಭಿಸಿದವರು ವೈದ್ಯ ಎಡ್ವರ್ಡ್ ಬಾಲ್ಫೋರ್. ಇವರು ಉರ್ದು, ಪಾರ್ಸಿ ಬಲ್ಲವರು. ಪ್ರಸೂತಿ ಶಾಸ್ತ್ರದ ಪುಸ್ತಕವೊಂದನ್ನು ಹಿಂದೂಸ್ತಾನಿಗೆ ಅನುವಾದಿಸಿದವರು. ಮೊದಲು ಬೇರೆ ಕಟ್ಟಡದಲ್ಲಿದ್ದ ಆ ಸಂಗ್ರಹಕ್ಕೆ ಸ್ಯಾಂಕಿಯವರು 1877ರಲ್ಲಿ ಈಗಿನ ಮನೆಯನ್ನು ಒದಗಿಸಿದರು. ಹಲ್ಮಿಡಿಯಂತೆಯೇ ಹೆಸರುವಾಸಿಯಾದ ಕ್ರಿ.ಶ. 949ರ ಆತಕೂರು ಶಾಸನ ಮುಂದೆ ಇಲ್ಲಿಗೆ ಬಂದು ಸೇರಿತು.

ಈ ಕಟ್ಟಡವನ್ನು ಹೊರಗಿನಿಂದಲೇ ಗಮನಿಸಿ. ಸಾಲಾಗಿ ನಿಂತ ಎತ್ತರದ ಕಂಬಗಳು, ಕಂಬದ ತಲೆಯಲ್ಲಿ ಎಲೆಗಳ ಕೆತ್ತನೆ, ಎಡಕ್ಕೂ ಬಲಕ್ಕೂ ಸರಿಸಮವಾದ ಅಳತೆ. ಎಲೆ ಕೆತ್ತಿದ ಈ ಬಗೆಯ ಕಂಬಕ್ಕೆ ಗ್ರೀಸಿನ ಕೊರಿಂತ್ ನಗರದ ಹೆಸರಿನಿಂದ ಕೊರಿಂಥಿಯನ್ ಎನ್ನುತ್ತಾರೆ. ಎರಡು ಸಾವಿರ ವರ್ಷಕ್ಕೂ ಹಳೆಯದಾದ ಗ್ರೀಕ್ ಮತ್ತು ರೋಮನ್ ಪದ್ಧತಿಯನ್ನು 18 ಮತ್ತು 19ನೇ ಶತಮಾನದಲ್ಲಿ ಯೂರೋಪಿನವರು ಮತ್ತೆ ಬಳಕೆಗೆ ತಂದರು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಕೂಡ ಹೀಗೆಯೇ ಇದೆ. ವಿದ್ಯೆಯ ಮನೆಗೆ ಗಾಂಭೀರ್ಯ ಬೇಕು ಎಂಬುದು ಒಂದು ಉದ್ದೇಶವಾದರೆ, ಆಳುವವರ ಶಕ್ತಿಯನ್ನು ತೋರಿಸುವುದು ಇನ್ನೊಂದು. ನಮ್ಮ ಹುಲಿಕಲ್ ಮಳೆಗೆ ಇಳಿಜಾರು ಹೆಂಚಿನ ಮಾಡು, ಉದ್ದದ ಸೂರು ಬೇಕೇ ಬೇಕು. ಬೆಂಗಳೂರಿನ ಹಿತವಾದ ಹವೆಯಲ್ಲಿ ಕಂಬಗಳ ಜಗಲಿ ನೆರಳಿಗೂ ಗಾಳಿಗೂ ಚೆನ್ನಾಗಿಯೇ ಒದಗಿತು.

ಆದರೆ 1877 ಎಂಬ ವರ್ಷವನ್ನು ಇನ್ನೊಂದು ಕಾರಣಕ್ಕೂ ನೆನಪಿಡಿ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನ ಭೀಕರ ಬರಗಾಲಕ್ಕೆ ಸಿಕ್ಕಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂದವಾದ ಕಂಬಗಳು ಏಳುತ್ತಿದ್ದ ಕಾಲದಲ್ಲೇ ಹಳ್ಳಿಗಳು ಬರಿದಾಗುತ್ತಿದ್ದವು. ಸ್ಯಾಂಕಿಯವರು ಕೆರೆಗಳ ಮಹತ್ವ ಅರಿಯದವರಲ್ಲ. ಹಿಂದಿನವರು ಕಟ್ಟಿದ ಕೆರೆಗಳ ಸಾಲನ್ನು ಮೆಚ್ಚಿ, ಹೊಸ ಕೆರೆಗೆ ಜಾಗವೇ ಉಳಿದಿಲ್ಲವೆನ್ನುವಷ್ಟು ಅವು ಹರಡಿವೆ ಎಂದು 1866ರಲ್ಲೇ ಬರೆದಿದ್ದರು. ಆದರೆ ಮಳೆಯೇ ಕೈಕೊಟ್ಟಾಗ, ಸರ್ಕಾರದ ನೆರವು ಸಾಲದಾದಾಗ, ಕೆರೆಗಳಿದ್ದೂ ಜನ ಉಳಿಯಲಿಲ್ಲ. ಬೆಂಗಳೂರಿನ ನೀರಿಗಾಗಿ 1882ರಲ್ಲಿ ಆದ ಕೆರೆಗೆ ಅವರ ಹೆಸರೇ ನಿಂತಿತು. ಅದೇ ಸ್ಯಾಂಕಿ ಕೆರೆ.

ಮೈಸೂರು ಬಿಟ್ಟ ಮೇಲೆ ಅವರು ಅಫ್ಘನ್ ಯುದ್ಧದಲ್ಲೂ ಮದ್ರಾಸ್ ಸರ್ಕಾರದಲ್ಲೂ ದುಡಿದರು. 1884ರಲ್ಲಿ ನಿವೃತ್ತರಾಗಿ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾದರು. 1892ರಲ್ಲಿ ಸರ್ ಪದವಿ ಪಡೆದು, 1908ರಲ್ಲಿ ಲಂಡನ್ನಿನಲ್ಲಿ ನಿಧನರಾದರು.

1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಮಾತು ಬಂದಾಗ ನಾಗರಿಕರು ವಿರೋಧಿಸಿ ಉಳಿಸಿಕೊಂಡರು. ಕಟ್ಟಿಸಿದ ಸರ್ಕಾರ ಪರಕೀಯವಾದರೂ, ಕಲ್ಲು ಹೊತ್ತವರು, ಗಾರೆ ಕಲಸಿದವರು, ತೆರಿಗೆ ಕೊಟ್ಟವರು ನಮ್ಮವರೇ. ಆದ್ದರಿಂದ ಈ ಕಟ್ಟಡಗಳು ನಮ್ಮ ಆಸ್ತಿ. ಮುಂದಿನ ಸಲ ಅವುಗಳ ಮುಂದೆ ನಿಂತಾಗ ಫೋಟೋ ತೆಗೆದು ಹೊರಟುಬಿಡಬೇಡಿ. ಯಾರು ಕಟ್ಟಿದರು, ಯಾವಾಗ ಕಟ್ಟಿದರು, ಆಗ ಜನ ಹೇಗಿದ್ದರು ಎಂಬ ಮೂರು ಪ್ರಶ್ನೆ ಕೇಳಿಕೊಳ್ಳಿ. ಇತಿಹಾಸದ ಓದು ಅಲ್ಲಿಂದಲೇ ಆರಂಭವಾಗುತ್ತದೆ.